ಹತ್ತು ನಿಮಿಷ, ಒಂದೂವರೆ ಗಂಟೆ, ಎರಡು ದಿನ: ಯಾವ ದಣಿವಿಗೆ ಯಾವ ವಿಶ್ರಾಂತಿ?

ಕೆಲಸ, ಮನೆ, ಟ್ರಾಫಿಕ್ಕು ಎಲ್ಲ ಕಳೆದ ಮೇಲೆ ಹೆಚ್ಚಿನವರಿಗೆ ವಾರದಲ್ಲಿ ಉಳಿಯುವುದು ಮೂರೋ ನಾಲ್ಕೋ ಗಂಟೆ, ಅದೂ ಚೂರುಚೂರಾಗಿ. ಅದನ್ನು ಯಾವುದಕ್ಕೆ ಕೊಡಬೇಕು ಎಂಬಲ್ಲೇ ಗೊಂದಲ. ಮಧ್ಯಾಹ್ನ ಸ್ವಲ್ಪ ಅಡ್ಡಾಗುವುದೋ, ಯೋಗನಿದ್ರೆ ಮಾಡುವುದೋ, ಸಂಜೆ ಕೆರೆ ಸುತ್ತುವುದೋ, ಶನಿವಾರ ಎಣ್ಣೆ ಸ್ನಾನವೋ, ಅಥವಾ ಇದೆಲ್ಲ ಬಿಟ್ಟು ತಿಂಗಳಿಗೊಮ್ಮೆ ಚಿಕ್ಕಮಗಳೂರಿಗೆ ಹೋಗಿಬಿಡುವುದೋ? ಐದೂ ಒಳ್ಳೆಯವೇ. ಆದರೆ ಐದೂ ಒಂದೇ ದಣಿವಿಗೆ ಆಗಿಬರುವುದಿಲ್ಲ. ಆಯ್ಕೆ ತಪ್ಪಿದರೆ ವಿಶ್ರಾಂತಿಯೇ ಇನ್ನೊಂದು ಕೆಲಸವಾಗಿ ತಲೆಮೇಲೆ ಕೂರುತ್ತದೆ.

ಮೊದಲು ರಾತ್ರಿಯ ಲೆಕ್ಕ

ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು. ನೀವು ಮಲಗುತ್ತಿರುವುದು ಐದೂವರೆ, ಆರು ಗಂಟೆ ಮಾತ್ರವಾದರೆ ಈ ಕೆಳಗಿನ ಯಾವ ಆಯ್ಕೆಯೂ ಆ ಕೊರತೆಯನ್ನು ತುಂಬಿಕೊಡಲಾರದು. ಸಿಗುವ ಮೊದಲ ಬಿಡುವನ್ನು ರಾತ್ರಿಗೇ ಕೊಡಿ: ಮಲಗುವ ಹೊತ್ತನ್ನು ಮೂರು ದಿನಕ್ಕೆ ಹದಿನೈದು ನಿಮಿಷದಂತೆ ಹಿಂದಕ್ಕೆ ತನ್ನಿ. ಒಮ್ಮೆಗೇ ಒಂದು ಗಂಟೆ ಮೊದಲು ಮಲಗಿದರೆ ನಿದ್ದೆ ಬಾರದೆ ಹೊರಳಾಡುವುದೇ ಹೆಚ್ಚು. ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗಬಾರದು. ಇದು ಎರಡು ವಾರ ಸರಿಹೋದ ಮೇಲೂ ಉಳಿಯುವ ದಣಿವಿಗೆ ಮುಂದಿನ ಮಾತು.

ಯಾವುದರಿಂದ ಅಳೆಯುವುದು

ಮೊದಲ ಪ್ರಶ್ನೆ, ದಣಿದಿರುವುದು ಏನು? ದಿನವಿಡೀ ನಿಂತೇ ಇರುವ ನರ್ಸ್, ಅಡುಗೆಯವರು, ಅಂಗಡಿಯವರಿಗೆ ಕಾಲು, ಸೊಂಟ. ಸ್ಕ್ರೀನ್ ಮುಂದೆ ಕೂತವರಿಗೆ ಕಣ್ಣು, ಕತ್ತು, ತಲೆ. ಅವರ ಕಾಲು ದಣಿದಿರುವುದೇ ಇಲ್ಲ. ಟೀಚರು, ಬ್ಯಾಂಕ್ ಕೌಂಟರಿನವರು, ಕಾಲ್ ಸೆಂಟರಿನವರಿಗೆ ದಣಿವು ಜನರಿಂದ; ಅವರಿಗೆ ಬೇಕಾದದ್ದು ಸದ್ದಿಲ್ಲದ ಹೊತ್ತು. ಇನ್ನು ಕೆಲವರಿಗೆ ಕೆಲಸ ಮುಗಿದರೂ ಕೆಲಸದ ಯೋಚನೆ ಮುಗಿಯುವುದಿಲ್ಲ. ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ತಿಳಿದರೆ ಅರ್ಧ ತೀರ್ಮಾನ ಆದಂತೆ.

ಎರಡನೆಯದು, ಪೂರ್ತಿ ಹೊತ್ತಿನ ಲೆಕ್ಕ. ಎಣ್ಣೆ ಹಚ್ಚುವ ಇಪ್ಪತ್ತು ನಿಮಿಷವಷ್ಟೇ ಲೆಕ್ಕವಲ್ಲ, ಬಚ್ಚಲು ತೊಳೆಯುವುದೂ ಸೇರಬೇಕು. ಪ್ರವಾಸಕ್ಕೆ ಬ್ಯಾಗು ತುಂಬುವುದು, ಬಂದ ಮೇಲೆ ಬಟ್ಟೆ ಒಗೆಯುವುದು ಸೇರಬೇಕು.

ಮೂರನೆಯದು, ಆ ಕೆಲಸ ಮಾಡುವವರು ಯಾರು? ಇದನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಮನೆಮಂದಿಯ ವಿಶ್ರಾಂತಿಗೆಂದು ಆರಿಸಿದ್ದು ಈ 299ನ್ನು 350ಕ್ಕೆ ಏರಿಸಿದರೆ ಅದನ್ನು ವಿಶ್ರಾಂತಿ ಎನ್ನಲಾಗದು.

ನಾಲ್ಕನೆಯದು, ಎಷ್ಟು ಸಲ ಮಾಡಬಹುದು? ದಣಿವು ದಿನದಿನವೂ ಸೇರುತ್ತದೆ, ಅದು ಇಳಿಯುವ ದಾರಿಯೂ ಆದಷ್ಟು ದಿನದಿನದ್ದೇ ಆಗಿರಬೇಕು. ಖರ್ಚು ಕೊನೆಗೆ ಬರುತ್ತದೆ. ಐದರಲ್ಲಿ ನಾಲ್ಕಕ್ಕೆ ಖರ್ಚೇ ಇಲ್ಲ ಎನ್ನಬಹುದು.

ಇನ್ನೊಂದು ಮಾತು. ಮನೋವಿಜ್ಞಾನಿಗಳಾದ ಸಬೀನ್ ಸೊನ್ನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ 2007ರಲ್ಲಿ, ಕೆಲಸದ ದಣಿವಿನಿಂದ ಚೇತರಿಸಿಕೊಳ್ಳುವ ಅನುಭವಗಳನ್ನು ನಾಲ್ಕಾಗಿ ಗುರುತಿಸಿದರು: ಕೆಲಸದ ಯೋಚನೆಯಿಂದ ಬಿಡಿಸಿಕೊಳ್ಳುವುದು, ಮೈಮನ ಸಡಿಲವಾಗುವುದು, ಹೊಸದೇನಾದರೂ ಕೈಗೂಡಿಸಿಕೊಳ್ಳುವುದು, ಆ ಹೊತ್ತು ನಮ್ಮ ಹಿಡಿತದಲ್ಲಿರುವುದು. ಮುಂದಿನ ಹೋಲಿಕೆಯಲ್ಲಿ ಇದರ ಮೊದಲನೆಯದೂ ಕೊನೆಯದೂ ಮತ್ತೆ ಮತ್ತೆ ಬರುತ್ತವೆ.

ಮಧ್ಯಾಹ್ನದ ಕೋಳಿನಿದ್ದೆ

ಮಧ್ಯಾಹ್ನ ಒಂದರಿಂದ ಮೂರರ ನಡುವೆ ಬರುವ ತೂಕಡಿಕೆಗೆ ಊಟವೊಂದೇ ಕಾರಣವಲ್ಲ. ದೇಹದ ದಿನಚಕ್ರದಲ್ಲೇ ಆಗ ಎಚ್ಚರ ಸ್ವಲ್ಪ ಇಳಿಯುತ್ತದೆ. ಆ ಹೊತ್ತಿಗೆ ಹತ್ತರಿಂದ ಇಪ್ಪತ್ತು ನಿಮಿಷ ಮಲಗಿದರೆ ಎದ್ದ ಕೂಡಲೇ ತಲೆ ಹಗುರಾಗಿರುತ್ತದೆ. ಅರ್ಧ ಗಂಟೆ ದಾಟಿದರೆ ಗಾಢನಿದ್ದೆ ಶುರುವಾಗುತ್ತದೆ. ಅದರ ನಡುವೆ ಎದ್ದವರಿಗೆ ಅರ್ಧ ಗಂಟೆಯವರೆಗೂ ತಲೆಭಾರ, ಸಿಡಿಮಿಡಿ. "ಮಧ್ಯಾಹ್ನ ಮಲಗಿದರೆ ಇನ್ನೂ ಸುಸ್ತಾಗುತ್ತೆ" ಎನ್ನುವವರು ಮಲಗಿರುವುದು ಸಾಮಾನ್ಯವಾಗಿ ನಲವತ್ತರಿಂದ ಅರವತ್ತು ನಿಮಿಷ. ಮಲಗಲೇಬೇಕಾದರೆ ಇಪ್ಪತ್ತು ನಿಮಿಷ, ಇಲ್ಲವೇ ನಿದ್ದೆ ಆಳಕ್ಕೆ ಇಳಿದು ಮತ್ತೆ ಹಗುರಾಗುವ ಒಂದು ಪೂರ್ತಿ ಸುತ್ತು ಮುಗಿಯುವ ಸುಮಾರು 90 ನಿಮಿಷ. ನಡುವಿನದು ಬೇಡ.

ಅಲಾರಂ ಇಡುವಾಗ ನಿದ್ದೆ ಹತ್ತುವ ಹೊತ್ತನ್ನೂ ಸೇರಿಸಿ, 25 ನಿಮಿಷಕ್ಕೆ ಇಡಿ. ದೂರ ಹಾರಾಟದ ಪೈಲಟ್‌ಗಳ ಮೇಲೆ ನಾಸಾ ನಡೆಸಿದ ಪ್ರಸಿದ್ಧ ಅಧ್ಯಯನದಲ್ಲಿ 40 ನಿಮಿಷದ ಅವಕಾಶ ಕೊಟ್ಟಾಗ ಅವರು ನಿಜವಾಗಿ ಮಲಗಿದ್ದು ಸರಾಸರಿ 26 ನಿಮಿಷ. ಹಾಸಿಗೆಗಿಂತ ಚಾಪೆ ಅಥವಾ ಒರಗುಕುರ್ಚಿ ಮೇಲು, ನಿದ್ದೆ ತೀರ ಆಳಕ್ಕೆ ಇಳಿಯುವುದಿಲ್ಲ. ಆಫೀಸಿನಲ್ಲಾದರೆ ಮೇಜಿನ ಮೇಲೆ ತಲೆಯಿಟ್ಟು ಮಲಗಬೇಡಿ, ಕತ್ತು ಹಿಡಿಯುತ್ತದೆ. ಕುರ್ಚಿಯನ್ನು ಗೋಡೆಗೆ ತಾಗಿಸಿ ಕತ್ತಿನ ಹಿಂದೆ ಮಡಿಸಿದ ಟವೆಲ್ ಇಟ್ಟುಕೊಳ್ಳಿ. ಮಲಗುವ ಮುಂಚೆ ಅರ್ಧ ಲೋಟ ಕಾಫಿ ಕುಡಿದರೆ ಅದರ ಚುರುಕು ತಟ್ಟುವುದು ಇಪ್ಪತ್ತು, ಮೂವತ್ತು ನಿಮಿಷದ ನಂತರ, ಏಳುವ ಹೊತ್ತಿಗೆ ಸರಿಯಾಗಿ. ಆದರೆ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆ ಕಳೆದರೂ ಮೈಯಲ್ಲಿ ಉಳಿದಿರುತ್ತದೆ, ಮಧ್ಯಾಹ್ನ ಮೂರರ ನಂತರ ಈ ಉಪಾಯ ಬೇಡ.

ಹಗಲು ನಿದ್ದೆ ಒಳ್ಳೆಯದಲ್ಲ ಎಂಬ ಹಿರಿಯರ ಮಾತಿಗೂ ಆಧಾರವಿದೆ. ಆಯುರ್ವೇದ ಅದನ್ನು ಸಾಮಾನ್ಯವಾಗಿ ಬೇಡವೆಂದರೂ ಬೇಸಿಗೆಯಲ್ಲಿ, ಹಾಗೂ ವೃದ್ಧರಿಗೆ, ಮಕ್ಕಳಿಗೆ, ದಾರಿ ನಡೆದು ಬಳಲಿದವರಿಗೆ ಒಪ್ಪುತ್ತದೆ. ರಾತ್ರಿ ನಿದ್ದೆ ಬಾರದ ತೊಂದರೆ ಇರುವವರಿಗಂತೂ ಇದು ಸಲ್ಲದು. ಮಧ್ಯಾಹ್ನ ಮಲಗಿದಷ್ಟೂ ರಾತ್ರಿ ನಿದ್ದೆ ಹತ್ತುವುದು ತಡವಾಗುತ್ತದೆ.

ಮಲಗಿಯೂ ನಿದ್ದೆ ಹೋಗದ ವಿಶ್ರಾಂತಿ

ಕಣ್ಣುಮುಚ್ಚಿದರೂ ತಲೆಯೊಳಗಿನ ಮಾತು ನಿಲ್ಲದವರಿಗೆ, ಮಧ್ಯಾಹ್ನ ಮಲಗಲು ಬಾರದವರಿಗೆ ಶವಾಸನ, ಯೋಗನಿದ್ರೆ ಹೊಂದುತ್ತವೆ. ಮಾರ್ಗದರ್ಶಿತ ಯೋಗನಿದ್ರೆಯ ಈಗಿನ ಕ್ರಮವನ್ನು ರೂಪಿಸಿದವರು ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿ. ಸಂಕಲ್ಪ, ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಮೈಯ ಒಂದೊಂದೇ ಭಾಗದ ಮೇಲೆ ಗಮನ, ಉಸಿರಿನ ಎಣಿಕೆ, ಭಾರ–ಹಗುರ, ಬಿಸಿ–ತಂಪು ಇಂಥ ಎದುರುಬದುರು ಅನುಭವಗಳು, ಕೊನೆಗೆ ಮತ್ತೆ ಸಂಕಲ್ಪ. ಇದಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷ ಬೇಕು, ದನಿಯ ನೆರವೂ ಬೇಕು. ದಿನವೂ ಅಷ್ಟು ಹೊತ್ತು ಕೊಡಲಾಗದವರಿಗೆ ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿರುವ ಎಸ್-ವ್ಯಾಸ ಯೋಗ ಸಂಸ್ಥೆ ಕಲಿಸುವ ಚಿಕ್ಕ ಕ್ರಮಗಳು ಹೆಚ್ಚು ಉಪಯುಕ್ತ. ಒಂದು, ಒಂದೇ ನಿಮಿಷದ್ದು: ಕಾಲ್ಬೆರಳಿಂದ ಶುರುಮಾಡಿ ಮೊಣಕಾಲು, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಮುಖದವರೆಗೆ ಬಿಗಿಯುತ್ತ ಹೋಗಿ ಒಮ್ಮೆಗೇ ಸಡಿಲಬಿಡುವುದು. ಇನ್ನೊಂದಕ್ಕೆ ಮೂರ್ನಾಲ್ಕು ನಿಮಿಷ: ಅಂಗಾತ ಮಲಗಿ ಹೊಟ್ಟೆಯ ಏರಿಳಿತವನ್ನು ಐದು ಸುತ್ತು ಸುಮ್ಮನೆ ಗಮನಿಸುವುದು, ಮುಂದಿನ ಐದು ಸುತ್ತು ಅದಕ್ಕೆ ಉಸಿರನ್ನು ಹೊಂದಿಸುವುದು, ಕೊನೆಯ ಐದು ಸುತ್ತು ಉಸಿರನ್ನು ನಿಧಾನವಾಗಿ ಆಳಕ್ಕೆ ಎಳೆದು ಬಿಡುವುದು.

ಬಿಗಿದು ಸಡಿಲಿಸಿದರೆ ಸ್ನಾಯು ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ ಎಂಬುದರ ಮೇಲೇ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ತಮ್ಮ ವಿಧಾನವನ್ನು ಕಟ್ಟಿದ್ದರು. ಈಗ ಅದನ್ನು ಕಲಿಸುವಾಗ ಪ್ರತಿ ಭಾಗವನ್ನೂ ಐದಾರು ಸೆಕೆಂಡು ಬಿಗಿದು, ಇಪ್ಪತ್ತು ಸೆಕೆಂಡು ಬಿಡಲು ಹೇಳುತ್ತಾರೆ. ಪೂರ್ತಿ ಬಲ ಹಾಕಿದರೆ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಮುಕ್ಕಾಲು ಬಲ ಸಾಕು. ರಕ್ತದೊತ್ತಡ ಇರುವವರು ಬಿಗಿಯುವಾಗ ಉಸಿರು ಕಟ್ಟಬಾರದು. ಸೊಂಟ ನೋವಿರುವವರು ಮೊಣಕಾಲಿನಡಿ ದಿಂಬು ಇಟ್ಟುಕೊಳ್ಳಿ. ಇದೊಂದನ್ನು ಮಾಡದೆಯೇ "ಶವಾಸನ ನನಗೆ ಆಗಲ್ಲ" ಎಂದು ಬಿಟ್ಟವರು ಬಹಳ.

ಕೊರತೆಯೆಂದರೆ ಕಲಿಯಲು ಹಿಡಿಯುವ ಹೊತ್ತು. ಮೊದಲ ಒಂದೆರಡು ವಾರ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಇಲ್ಲವೇ ನಿದ್ದೆಯೇ ಬಂದುಬಿಡುತ್ತದೆ. ನಿದ್ದೆ ಬಂದರೆ ರಾತ್ರಿಯ ನಿದ್ದೆ ಸಾಲದು ಎಂದರ್ಥ, ಮೇಲಿನ ಮೊದಲ ಲೆಕ್ಕಕ್ಕೆ ಹಿಂತಿರುಗಿ.

ಸಂಜೆಯ ನಡಿಗೆ

ಕೂತು ದಣಿದವರಿಗೆ ಮಲಗುವುದಕ್ಕಿಂತ ನಡೆಯುವುದು ಮೇಲು. ಇಪ್ಪತ್ತೈದು ನಿಮಿಷ ಸಾಕು: ಹನ್ನೆರಡು ನಿಮಿಷ ಹೋಗಿ, ತಿರುಗಿ ಬರುವುದು. ಹೆಜ್ಜೆ ಲೆಕ್ಕ ಹಾಕುತ್ತ, ಫೋನಿನಲ್ಲಿ ಮೀಟಿಂಗ್ ಮುಗಿಸುತ್ತ ನಡೆದರೆ ವ್ಯಾಯಾಮ ಆಗುತ್ತದೆ, ತಲೆಗೆ ಬಿಡುವು ಸಿಗುವುದಿಲ್ಲ. ಕಬ್ಬನ್ ಪಾರ್ಕು, ಲಾಲ್‌ಬಾಗು, ಮೈಸೂರಿನ ಕುಕ್ಕರಹಳ್ಳಿ ಕೆರೆ, ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರವಿದ್ದವರ ಅದೃಷ್ಟವೇ ಬೇರೆ. ಉಳಿದವರಿಗೆ ಪಾರ್ಕಿಗೆ ಗಾಡಿಯಲ್ಲಿ ಹೋಗಿ ನಡೆದು ಬರುವುದು ಒಂದು ಗಂಟೆಯ ಕೆಲಸ. ಅದು ಒಂದು ವಾರ ನಡೆದು ನಿಂತುಹೋಗುತ್ತದೆ. ಅದರ ಬದಲು ಮನೆಗೆ ಬರುವ ದಾರಿಯಲ್ಲೇ ನಡಿಗೆಯನ್ನು ಸೇರಿಸಿ. ನಮ್ಮ ಮೆಟ್ರೋದ ನಿಲ್ದಾಣಗಳ ನಡುವೆ ಹೆಚ್ಚಿನ ಕಡೆ ಒಂದು, ಒಂದೂಕಾಲು ಕಿಲೋಮೀಟರು. ಒಂದು ನಿಲ್ದಾಣ ಮೊದಲೇ ಇಳಿದರೆ ಹದಿನೈದು ನಿಮಿಷದ ನಡಿಗೆ ಬೇರೆ ಹೊತ್ತು ಕೇಳದೆ ಆಗುತ್ತದೆ. ಮುಖ್ಯರಸ್ತೆಯ ಹೊಗೆ ಬಿಟ್ಟು ಒಳರಸ್ತೆ ಹಿಡಿಯಿರಿ. ನಿಂತೇ ದುಡಿಯುವವರಿಗೆ ಈ ಆಯ್ಕೆ ಬೇಡ. ಅವರು ಗೋಡೆಗೆ ಕಾಲು ಎತ್ತಿಟ್ಟು ಹತ್ತು ನಿಮಿಷ ಮಲಗುವುದೇ ಲೇಸು.

ವಾರದ ಎಣ್ಣೆ ಸ್ನಾನ

ಐದರಲ್ಲಿ ಇದೊಂದನ್ನು ಹೊಸ ತಲೆಮಾರು ಸುಮ್ಮನೆ ಕೈಬಿಟ್ಟಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೈಕಾಲು ದಣಿದವರಿಗೂ ತಲೆ ಕಾದವರಿಗೂ ಇದು ಒಟ್ಟಿಗೇ ಒದಗುತ್ತದೆ. ಜೊತೆಗೆ ಎಣ್ಣೆ ಕೈಯಲ್ಲಿ ಫೋನು ಹಿಡಿಯಲಾಗದು ಎಂಬ ಲಾಭವೂ ಇದೆ. ಒಂದು ಗಂಟೆ ಯಾರ ಮೆಸೇಜಿಗೂ ಸಿಗದ ಹೊತ್ತು ಇನ್ಯಾವುದರಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಒಬ್ಬರಿಗೆ 50ರಿಂದ 60 ಮಿಲಿಲೀಟರ್ ಎಳ್ಳೆಣ್ಣೆ ಸಾಕು, ಸೆಕೆಯ ದಿನಗಳಲ್ಲಿ ಕೊಬ್ಬರಿ ಎಣ್ಣೆ. ನೇರ ಒಲೆಯ ಮೇಲಿಡದೆ ಬಟ್ಟಲನ್ನು ಬಿಸಿನೀರಿನಲ್ಲಿ ಕೂರಿಸಿ ಉಗುರುಬೆಚ್ಚಗೆ ಮಾಡಿ. ನೆತ್ತಿ, ಕಿವಿಯ ಸುತ್ತ, ಅಂಗಾಲು: ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯ ವಿಶೇಷವಾಗಿ ಎಣ್ಣೆ ಹಚ್ಚಲು ಹೇಳುವುದು ಈ ಮೂರು ಕಡೆಗೆ. ಕೈಕಾಲಿನ ಉದ್ದಕ್ಕೂ ನೀಳವಾಗಿ, ಕೀಲುಗಳಲ್ಲಿ ವೃತ್ತಾಕಾರವಾಗಿ, ಒಟ್ಟು ಹದಿನೈದರಿಂದ ಇಪ್ಪತ್ತು ನಿಮಿಷ ತಿಕ್ಕಿ. ಇಪ್ಪತ್ತು, ಮೂವತ್ತು ನಿಮಿಷ ಬಿಟ್ಟು ಬಿಸಿನೀರು ಹಾಕಿಕೊಳ್ಳುವುದು. ತಲೆಗೆ ಎರಡು ಮೂರು ಚಮಚ ಸೀಗೆಪುಡಿಯನ್ನು ಗಂಜಿಯಲ್ಲೋ ಬಿಸಿನೀರಲ್ಲೋ ಕಲಸಿ, ಮೈಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು. ಮಲೆನಾಡಿನ ಕಡೆಯವರಿಗೆ ಮತ್ತಿ ಸೊಪ್ಪಿನ ಗೊಂಪು (ಸೊಪ್ಪನ್ನು ಹಿಸುಕಿ ತೆಗೆದ ಲೋಳೆ) ಸಿಕ್ಕಿದರೆ ಸೀಗೆಯೇ ಬೇಕಿಲ್ಲ. ಸೀಗೆಪುಡಿ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ತಲೆ ಹಿಂದಕ್ಕೆ ಬಾಗಿಸಿಯೇ ತೊಳೆಯಿರಿ.

ಕೆಡುವುದು ಎಲ್ಲಿ? ಮೊದಲು ಬಚ್ಚಲ ನೆಲ. ಟೈಲ್ಸ್ ಮೇಲೆ ಎಣ್ಣೆ ಬಿದ್ದರೆ ಜಾರುತ್ತದೆ, ವಯಸ್ಸಾದವರ ತೊಡೆಮೂಳೆ ಮುರಿಯಲು ಅದೊಂದು ಸಾಕು. ಹಚ್ಚುವುದು ಹಳೆಯ ಪಂಚೆ ಹಾಸಿ ಕೋಣೆಯಲ್ಲೇ ಆಗಲಿ, ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಿ. ಎರಡನೆಯದು ಕೊಳವೆ ಕಟ್ಟಿಕೊಳ್ಳುವುದು: ನೀರು ಹಾಕುವ ಮುಂಚೆ ಒಣ ಹಿಟ್ಟಿನಿಂದ ತಿಕ್ಕಿ ಎಣ್ಣೆಹಿಟ್ಟನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿದರೆ ಅಪಾರ್ಟ್‌ಮೆಂಟಿನ ಪೈಪು ಉಳಿಯುತ್ತದೆ. ಮೂರನೆಯದು ಜೀವಕ್ಕೇ ಅಪಾಯ. ಗ್ಯಾಸ್ ಗೀಸರನ್ನು ಬಚ್ಚಲೊಳಗೇ ಇಟ್ಟು, ಕಿಟಕಿ ಮುಚ್ಚಿ, ಎಣ್ಣೆ ಸ್ನಾನವೆಂದು ಬಹಳ ಹೊತ್ತು ಬಿಸಿನೀರು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಪ್ರಜ್ಞೆ ತಪ್ಪುವವರೆಗೆ ಗೊತ್ತೇ ಆಗುವುದಿಲ್ಲ. ಗೀಸರು ಹೊರಗಿರಬೇಕು, ಇಲ್ಲದಿದ್ದರೆ ನೀರನ್ನು ಬಕೆಟ್ಟಿಗೆ ತುಂಬಿಸಿ, ಗೀಸರು ಆರಿಸಿ, ಗಾಳಿ ಆಡಿದ ಮೇಲೆ ಒಳಗೆ ಹೋಗಿ.

ಜ್ವರ, ನೆಗಡಿ, ಅಜೀರ್ಣ ಇದ್ದಾಗ ಬೇಡ, ಊಟವಾದ ಕೂಡಲೇ ಬೇಡ. ಸ್ನಾನದ ನಂತರ ಮೈ ಜೋಮು ಹಿಡಿದಂತಾಗಿ ಕಣ್ಣು ಎಳೆಯುತ್ತದೆ, ಅಂದು ಬೆಳಿಗ್ಗೆ ಗಾಡಿ ಓಡಿಸುವ ಕೆಲಸ ಇಟ್ಟುಕೊಳ್ಳಬಾರದು. ಬಚ್ಚಲು ತೊಳೆಯುವುದೂ ಸೇರಿ ಪೂರ್ತಿ ಒಂದೂವರೆ ಗಂಟೆ, ಖರ್ಚು ಐವತ್ತು ರೂಪಾಯಿಯೊಳಗೆ. ಮನೆಯಲ್ಲಿ ನಾಲ್ವರಿಗೂ ಒಬ್ಬರೇ ಎಣ್ಣೆ ತಿಕ್ಕುವ ಪದ್ಧತಿಯಾದರೆ ಆ ಒಬ್ಬರಿಗೆ ಇದು ಗಂಟೆಗಟ್ಟಲೆ ದುಡಿಮೆ. ತಮ್ಮ ತಮ್ಮದು ತಾವೇ ಮಾಡಿಕೊಳ್ಳಲಿ, ಬಚ್ಚಲನ್ನು ಕೊನೆಗೆ ಸ್ನಾನ ಮಾಡಿದವರು ತೊಳೆಯಲಿ.

ಒಂದೂವರೆ ಗಂಟೆ ಇಲ್ಲದವರು ರಾತ್ರಿ ಕಾಲು ತೊಳೆದು, ಒಂದು ಚಮಚ ಎಣ್ಣೆಯಲ್ಲಿ ಅಂಗಾಲನ್ನಷ್ಟೇ ಐದೈದು ನಿಮಿಷ ತಿಕ್ಕಿ, ಹಳೆಯ ಕಾಲುಚೀಲ ಹಾಕಿ ಮಲಗಲಿ. ಮಲಗುವ ಒಂದೆರಡು ಗಂಟೆ ಮುಂಚೆ ಬಿಸಿನೀರ ಸ್ನಾನವಾದರೂ ನಿದ್ದೆ ಬೇಗ ಹತ್ತುತ್ತದೆ. ಚರ್ಮಕ್ಕೆ ರಕ್ತ ಹರಿದು ದೇಹದ ಒಳಗಿನ ಶಾಖ ಹೊರಹೋಗುವುದು ಇದಕ್ಕೆ ಕಾರಣ.

ಎರಡು ದಿನದ ಪ್ರವಾಸ

ಬೆಂಗಳೂರಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರು. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟು ಭಾನುವಾರ ರಾತ್ರಿ ಒಂಬತ್ತಕ್ಕೆ ಮನೆ ಸೇರಿದರೆ ಒಟ್ಟು 39 ಗಂಟೆ. ಹೋಗಿಬರುವ ದಾರಿಗೆ ಹತ್ತರಿಂದ ಹನ್ನೆರಡು, ರಾತ್ರಿ ನಿದ್ದೆಗೆ ಏಳು, ಉಳಿದದ್ದರಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿ. ಸುಮ್ಮನೆ ಕೂರುವ ಹೊತ್ತು ನಾಲ್ಕೈದು ಗಂಟೆ ಉಳಿದರೆ ಹೆಚ್ಚು. ಭಾನುವಾರ ಸಂಜೆ ನೆಲಮಂಗಲದ ಹತ್ತಿರ ಸಾಲುಗಟ್ಟಿ ನಿಂತ ಕಾರುಗಳಲ್ಲಿ ಆ ನಾಲ್ಕು ಗಂಟೆಯ ಹಗುರವೂ ಕರಗುತ್ತದೆ. ಲೀಟರಿಗೆ 15 ಕಿಲೋಮೀಟರು ಕೊಡುವ ಕಾರಿಗೆ 490 ಕಿಲೋಮೀಟರಿಗೆ ಸುಮಾರು 33 ಲೀಟರು, ಪೆಟ್ರೋಲಿಗೇ ಮೂರು ಸಾವಿರದ ಮೇಲೆ. ಹೋಂಸ್ಟೇ, ಊಟ ಬೇರೆ.

ಹಾಗಂತ ಪ್ರವಾಸ ಬೇಡವೆಂದಲ್ಲ. ಕೆಲಸದ ಯೋಚನೆ ಬಿಟ್ಟೂಬಿಡದೆ ಕಾಡುವವರಿಗೆ ಜಾಗ ಬದಲಾಗುವುದಕ್ಕೆ ಸಮನಾದ ಮದ್ದು ಇಲ್ಲ. ಮನೆಯಲ್ಲಿದ್ದರೆ ಲ್ಯಾಪ್‌ಟಾಪು ಕಣ್ಣೆದುರೇ ಇರುತ್ತದೆ. ಆದರೆ ರಜೆಯ ಹುರುಪು ಕೆಲಸಕ್ಕೆ ಮರಳಿದ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿದುಹೋಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಆದ್ದರಿಂದ ದಿನದ ವಿಶ್ರಾಂತಿಯ ಬದಲಿಗೆ ಪ್ರವಾಸ ಎಂದುಕೊಳ್ಳಬಾರದು. ಹೋಗುವುದಾದರೆ ಹತ್ತಿರಕ್ಕೆ ಹೋಗಿ: ಒಂದು ಕಡೆಯ ದಾರಿ ಎರಡೂವರೆ ಗಂಟೆ ಮೀರದಿರಲಿ. ದೇವರಾಯನದುರ್ಗ, ಮೇಲುಕೋಟೆ ಇವೆಲ್ಲ ಆ ಅಳತೆಯೊಳಗಿವೆ. ಅಥವಾ ಸ್ಟಿಯರಿಂಗನ್ನೇ ಬಿಟ್ಟು ರೈಲು ಹತ್ತಿ. ಯಶವಂತಪುರ–ಮಂಗಳೂರು ಹಗಲು ರೈಲಿಗೆ 2021ರಲ್ಲಿ ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿ ಸೇರಿಸಿದರು. ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ಘಾಟಿಯಲ್ಲಿ ಕೂತಲ್ಲೇ ಕಾಡು ನೋಡಬಹುದು. ರೈಲು ಎಲ್ಲ ದಿನ ಇರುವುದಿಲ್ಲ, ಹಳಿಯ ಕೆಲಸ ಅಥವಾ ಮಳೆಗಾಲದ ಗುಡ್ಡ ಕುಸಿತದಿಂದ ರದ್ದಾಗುವುದೂ ಉಂಟು, ಹೊರಡುವ ಮುಂಚೆ ವೇಳಾಪಟ್ಟಿ ನೋಡಿ. ಶುಕ್ರವಾರ ರಾತ್ರಿಯ ಸ್ಲೀಪರ್ ಬಸ್ಸು ಹೊತ್ತು ಉಳಿಸುತ್ತದೆ, ಆದರೆ ಘಾಟಿಯ ತಿರುವುಗಳಲ್ಲಿ ನಿದ್ದೆ ಒಡೆದು ಶನಿವಾರ ಮಧ್ಯಾಹ್ನವನ್ನು ನುಂಗುತ್ತದೆ.

ಎರಡು ನಿಯಮ ಪಾಲಿಸಿದರೆ ಪ್ರವಾಸ ವಿಶ್ರಾಂತಿಯಾಗುತ್ತದೆ. ದಿನಕ್ಕೆ ಒಂದೇ ಜಾಗ ನೋಡುವುದು. ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುವುದು. ಬುತ್ತಿ ಕಟ್ಟಿಕೊಂಡು ಹೋಗುವುದಿದ್ದರೆ ಕಟ್ಟುವ ಕೈ ಬದಲಾಗಲಿ.

ಮೊಬೈಲಿನಲ್ಲಿ ರೀಲ್ಸ್ ನೋಡುವುದನ್ನು ಈ ಪಟ್ಟಿಗೆ ಸೇರಿಸಿಲ್ಲ. ಕಣ್ಣಿಗೆ ಅದೇ ಪರದೆ, ನಡುವೆ ಆಫೀಸಿನ ಗ್ರೂಪಿನ ಮೆಸೇಜು. ಮನೆಮಂದಿಯೆಲ್ಲ ಕೂತು ನೋಡುವ ಟಿವಿ ಅದಕ್ಕಿಂತ ವಾಸಿ. ಆಯುರ್ವೇದ ಕೇಂದ್ರದ ಅಭ್ಯಂಗ ಚೆನ್ನಾಗಿಯೇ ಇರುತ್ತದೆ, ಆದರೆ ಒಂದು ಸಲದ ದುಡ್ಡಿನಲ್ಲಿ ಮನೆಯಲ್ಲಿ ತಿಂಗಳುಗಟ್ಟಲೆ ಎಣ್ಣೆ ಸ್ನಾನ ಮಾಡಬಹುದು.

ಹಾಗಾದರೆ ನಿಮಗೆ ಯಾವುದು

ಸ್ಕ್ರೀನ್ ಮುಂದೆ ಕೂರುವವರಾದರೆ ದಿನವೂ ನಡಿಗೆ, ವಾರಕ್ಕೊಮ್ಮೆ ಎಣ್ಣೆ ಸ್ನಾನ. ಮಧ್ಯಾಹ್ನದ ನಿದ್ದೆ ಬೇಕಾಗುವುದೇ ಕಡಿಮೆ. ನಿಂತು ದುಡಿಯುವವರು, ಅಂಗಡಿ ಇಟ್ಟವರು ಊಟದ ನಂತರ ಬಾಗಿಲು ಅರ್ಧ ಎಳೆದು ಇಪ್ಪತ್ತು ನಿಮಿಷ ಮಲಗುವುದನ್ನು ನಾಚಿಕೆಯೆಂದು ತಿಳಿಯಬೇಡಿ. ಕರಾವಳಿಯ ಎಷ್ಟೋ ಪೇಟೆಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚುವ ರೂಢಿ ಇದ್ದೇ ಇದೆ. ಜನರಿಂದ ದಣಿದವರಿಗೆ ಶವಾಸನದ ಹತ್ತು ನಿಮಿಷ, ಕೆಲಸದಿಂದ ಬಂದ ಕೂಡಲೇ, ಕಾಫಿಗೂ ಮುಂಚೆ.

ರಾತ್ರಿ ಪಾಳಿಯವರ ಲೆಕ್ಕ ಬೇರೆ. ಅವರು ಪಾಳಿಗೆ ಹೋಗುವ ಮುಂಚೆ, ಸಂಜೆ, 90 ನಿಮಿಷ ಮಲಗಬೇಕು. ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡರೆ ಬಿಸಿಲು ಕಣ್ಣಿಗೆ ಬಿದ್ದು ನಿದ್ದೆ ಹಾರುವುದು ತಪ್ಪುತ್ತದೆ. ಆದರೆ ತೂಕಡಿಸುತ್ತ ತಾವೇ ಗಾಡಿ ಓಡಿಸುವುದು ಬೇಡ.

ಚಿಕ್ಕ ಮಕ್ಕಳ ತಾಯಂದಿರಿಗೆ ಇವುಗಳಲ್ಲಿ ಯಾವುದನ್ನು ಆರಿಸಿದರೂ ಮೊದಲು ಬೇಕಾದದ್ದು ಇನ್ನೊಬ್ಬರ ಹೊಣೆ. "ಬಿಡುವಾದಾಗ ಮಲಗು" ಎಂದರೆ ಬಿಡುವು ಆಗುವುದೇ ಇಲ್ಲ. ಮಂಗಳವಾರ, ಗುರುವಾರ ರಾತ್ರಿ ಎಂಟರಿಂದ ಎಂಟೂವರೆ ಮಗು ಗಂಡನದೋ ಅತ್ತೆಯದೋ ಎಂದು ದಿನ, ಗಂಟೆ ಹಾಕಿಯೇ ಗೊತ್ತುಮಾಡಿ. ಆ ಅರ್ಧ ಗಂಟೆ ತಾಯಿ ಕೋಣೆಯ ಬಾಗಿಲು ಹಾಕಿಕೊಂಡಿರಲಿ, ಮಗು ಅತ್ತರೂ ಹೊರಗಿದ್ದವರೇ ನೋಡಿಕೊಳ್ಳಲಿ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವುದು ನಡೆದರೆ ಒಪ್ಪಂದ ಮುರಿದಂತೆ.

ಆರಿಸಿದ್ದನ್ನು ಮೂರು ವಾರ ಬಿಡದೆ ಮಾಡಿ ನೋಡಿ. ಮೇಲೆ ಎರಡು ಹೇಳಿದ್ದರೂ ಶುರುವಿಗೆ ಒಂದೇ ಸಾಕು. ಎರಡು ಶುರುಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಏಳು ಗಂಟೆ ಮಲಗಿ, ಮೂರು ವಾರ ಇದನ್ನೂ ಮಾಡಿ, ಬೆಳಿಗ್ಗೆ ಏಳುವಾಗ ಮೈ ಇನ್ನೂ ಭಾರವೇ ಇದ್ದರೆ ವಿಶ್ರಾಂತಿಯ ವಿಧಾನ ಬದಲಿಸುತ್ತ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದ್ದರೆ ಅದನ್ನೂ ಮರೆಯದೆ ತಿಳಿಸಿ. ನಿದ್ದೆಯಲ್ಲಿ ಉಸಿರುಕಟ್ಟುವ ಆ ತೊಂದರೆಗೆ ಬೇರೆಯೇ ಪರೀಕ್ಷೆ, ಬೇರೆಯೇ ಚಿಕಿತ್ಸೆ ಇದೆ.